ಕುಡಿಯುವವರಿರುವ ಮನೆಗೆ ಬಳಕೆದಾರರ ಕೈಪಿಡಿ

ಮಿಕ್ಸಿ ಕೊಂಡರೆ ಕೈಪಿಡಿ ಕೊಡುತ್ತಾರೆ. ಫ್ಯಾನಿನ ಡಬ್ಬಿಯಲ್ಲೂ ಒಂದು ಹಾಳೆ ಮಡಿಸಿಟ್ಟಿರುತ್ತಾರೆ. ಅದನ್ನು ಯಾರೂ ಓದುವುದಿಲ್ಲ ಎನ್ನುವುದು ಬೇರೆ ಮಾತು. ಆದರೆ ಕರ್ನಾಟಕ ಸರಕಾರದ ಬೊಕ್ಕಸಕ್ಕೆ ವರ್ಷಕ್ಕೆ 30 ಸಾವಿರ ಕೋಟಿ ರೂಪಾಯಿಗೂ ಮೀರಿ ಅಬಕಾರಿ ವರಮಾನ ತಂದುಕೊಡುವ ಸರಕಿನ ಜೊತೆ ಮನೆಯವರಿಗೆಂದು ಒಂದು ಚೀಟಿಯೂ ಬರುವುದಿಲ್ಲ. ಬಾಟಲಿಯ ಮೇಲೆ ಆರೋಗ್ಯಕ್ಕೆ ಹಾನಿಕರ ಎಂಬ ಸಾಲೊಂದಿದೆ, ನಿಜ. ಅದು ಕುಡಿಯುವವರಿಗೆ. ರಾತ್ರಿ ಹನ್ನೊಂದಾದರೂ ಗೇಟಿನ ಸದ್ದಿಗೆ ಕಿವಿಗೊಟ್ಟು, ಸಾರು ಬಿಸಿ ಮಾಡಬೇಕೋ ಬೇಡವೋ ಎಂದು ಯೋಚಿಸುತ್ತ ಕೂತವಳಿಗೆ ಯಾವ ಸಾಲೂ ಇಲ್ಲ.

ಆ ಕೊರತೆ ತುಂಬಲು ಈ ಕೈಪಿಡಿ. ನಮ್ಮ ಮನೆಗಳಲ್ಲಿ ತಲೆಮಾರುಗಳಿಂದ ನಡೆದು ಬಂದ ವಿಧಾನಗಳನ್ನು ಇದ್ದ ಹಾಗೆಯೇ ಇಲ್ಲಿ ಕೊಟ್ಟಿದೆ. ನಡುನಡುವೆ ‘ಎಚ್ಚರಿಕೆ’ ಎಂದಿರುವ ಭಾಗಗಳನ್ನು ಕಂಪನಿಯ ವಕೀಲರು ಹಟ ಹಿಡಿದು ಸೇರಿಸಿದ್ದಾರೆ. ರೂಢಿಯಂತೆ ಅವನ್ನು ಹಾರಿಸಿ ಓದಬಹುದು.

ಕೈಪಿಡಿಯುದ್ದಕ್ಕೂ ಕುಡಿಯುವವರು ಗಂಡಸು ಎಂದೇ ಭಾವಿಸಿದೆ. ಕೇಂದ್ರ ಸರಕಾರ 2019ರಲ್ಲಿ ಹೊರತಂದ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಗಂಡಸರಲ್ಲಿ ಶೇ. 27.3, ಹೆಂಗಸರಲ್ಲಿ ಶೇ. 1.6 ಮಂದಿ ಕುಡಿಯುತ್ತಾರೆ. ಆ 1.6ರೊಳಗಿನ ಹೆಣ್ಣುಮಗಳು ನಿಮ್ಮ ಮನೆಯವಳಾಗಿದ್ದರೆ ಕಷ್ಟ ದುಪ್ಪಟ್ಟು. ಅವಳನ್ನು ಸೇರಿಸಿಕೊಳ್ಳುವ ಕೇಂದ್ರಗಳೇ ಕಡಿಮೆ. ಇದ್ದರೂ ಬಂಧುಗಳಿಗೆ ಹೇಳಲು ಒಂದು ‘ಬೆನ್ನುನೋವಿನ ಚಿಕಿತ್ಸೆ’ ಹೊಂದಿಸಿಕೊಳ್ಳಬೇಕು. ಗಂಡಸಿನ ಕುಡಿತ ಮನೆಯ ಕಷ್ಟ, ಹೆಂಗಸಿನ ಕುಡಿತ ಮನೆಯ ಮಾನ. ಇದು ಯಾವ ಶಾಸ್ತ್ರದಲ್ಲಿದೆಯೋ ತಿಳಿಯದು, ಪಾಲನೆಯಲ್ಲಂತೂ ಲೋಪವಿಲ್ಲ.

ಪೆಟ್ಟಿಗೆಯಲ್ಲಿ ಏನೇನಿದೆ

ಸಾಮಾನು ಲೆಕ್ಕ ಹಾಕಿಕೊಳ್ಳಿ. ಮನೆಯವರು ಇದನ್ನು ‘ಒಂಚೂರು’, ‘ಯಾವಾಗಲೋ ಒಂದಿನ’, ‘ಫ್ರೆಂಡ್ಸ್ ಬಂದಾಗ’ ಎಂಬ ಅಳತೆಗಳಲ್ಲಿ ಲೆಕ್ಕ ಇಡುತ್ತಾರೆ. ಬಾರಿನವನು ನೈಂಟಿ, ಕ್ವಾರ್ಟರ್, ಹಾಫ್ ಎನ್ನುತ್ತಾನೆ. ಲಿವರ್ ಗ್ರಾಮಿನಲ್ಲಿ ಬರೆದುಕೊಳ್ಳುತ್ತದೆ. ನಮ್ಮಲ್ಲಿ ಸಿಗುವ ವಿಸ್ಕಿ, ಬ್ರಾಂದಿ, ರಮ್ಮಿನಲ್ಲಿ ಮದ್ಯಸಾರ ಸಾಮಾನ್ಯವಾಗಿ ಶೇ. 42.8. ಅಂದರೆ 30 ಎಂಎಲ್‌ಗೆ ಹತ್ತು ಗ್ರಾಂ ಅಪ್ಪಟ ಮದ್ಯ, ಕ್ವಾರ್ಟರಿಗೆ ಅರವತ್ತು. ‘ಬರೀ ಬಿಯರ್ ಕಣೇ, ಅದೇನು ಎಣ್ಣೆನಾ?’ ಎನ್ನುವವರಿಗೂ ಇಲ್ಲೊಂದು ಲೆಕ್ಕವಿದೆ. ಶೇ. 8ರ ಸ್ಟ್ರಾಂಗ್ ಬಿಯರು 650 ಎಂಎಲ್ ಬಾಟಲಿಯಲ್ಲಿ ನಲವತ್ತು ಗ್ರಾಂ ದಾಟುತ್ತದೆ. ನೈಂಟಿಯಲ್ಲಿರುವುದು ಮೂವತ್ತು.

ಸರಬರಾಜಿನ ಬಗ್ಗೆ ಗ್ರಾಹಕರು ಚಿಂತಿಸಬೇಕಿಲ್ಲ. 2007ರ ಜುಲೈ 1ರಿಂದ ರಾಜ್ಯದಲ್ಲಿ ಸಾರಾಯಿ ಬಂದಾಯಿತು. ಸಾರಾಯಿ ಪಾಕೀಟು ಕುಡಿಯುತ್ತಿದ್ದವರು ಅಗ್ಗದ ವಿಸ್ಕಿಗೆ ಬಡ್ತಿ ಪಡೆದರು. ಅದೀಗ ಟೆಟ್ರಾ ಪ್ಯಾಕಿನಲ್ಲಿ, ಮಕ್ಕಳ ಮಾವಿನ ಜ್ಯೂಸಿನ ಹಾಗೆಯೇ ಬರುತ್ತದೆ. ಸ್ಟ್ರಾ ಒಂದು ಕಮ್ಮಿ. 2019ರ ಜನವರಿಯಲ್ಲಿ ಮದ್ಯ ನಿಷೇಧ ಬೇಕೆಂದು ಸಾವಿರಾರು ಹೆಂಗಸರು ಚಿತ್ರದುರ್ಗದಿಂದ ಬೆಂಗಳೂರಿಗೆ ನಡೆದೇ ಬಂದರು. 2025ರ ಮಾರ್ಚ್‌ನಲ್ಲಿ ವಿಧಾನಸಭೆಯಲ್ಲಿ ಶಾಸಕರೊಬ್ಬರು, ಹೆಂಗಸರಿಗೆ ಎರಡು ಸಾವಿರ ರೂಪಾಯಿ ಕೊಡುತ್ತೀರಲ್ಲ, ಕುಡಿಯುವ ಗಂಡಸರಿಗೂ ವಾರಕ್ಕೆರಡು ಬಾಟಲಿ ಪುಕ್ಕಟೆ ಕೊಡಿ ಎಂದರು. ಎರಡು ಬೇಡಿಕೆಗಳೂ ಈಡೇರಿಲ್ಲ ಎಂಬುದನ್ನು ಸರಕಾರದ ಸಮದರ್ಶಿತ್ವಕ್ಕೆ ಸಾಕ್ಷಿಯಾಗಿ ನೋಡಬಹುದು.

ಮೊದಲ ಹಂತ: ಏನೂ ಆಗಿಲ್ಲವೆಂದು ಖಚಿತಪಡಿಸಿಕೊಳ್ಳುವುದು

ಈ ಹಂತಕ್ಕೆ ಐದರಿಂದ ಹದಿನೈದು ವರ್ಷ ಹಿಡಿಯುತ್ತದೆ. ಅವಸರ ಬೇಡ.

ವಿಧಾನ ಸುಲಭ. ಊರಲ್ಲಿ ನಿಮ್ಮವರಿಗಿಂತ ಹೆಚ್ಚು ಕುಡಿಯುವ ಒಬ್ಬರನ್ನು ಗುರುತಿಸಿಕೊಳ್ಳಿ. ಮೋರಿಯಲ್ಲಿ ಬಿದ್ದಿರುವವರಾದರೆ ಉತ್ತಮ. ಪ್ರತಿ ಸಲ ಸಂಶಯ ಬಂದಾಗಲೂ ಅವರನ್ನು ನೆನೆಸಿಕೊಂಡು, ‘ನಮ್ಮೋರು ಹಂಗೇನಿಲ್ಲಪ್ಪ, ಕುಡಿದರೂ ಸೀದಾ ಮನೆಗೆ ಬರ್ತಾರೆ’ ಎಂದುಕೊಳ್ಳಿ. ಬೆಳಗ್ಗೆ ಏಳದಿದ್ದರೆ ಆಫೀಸಿಗೆ ನೀವೇ ಫೋನ್ ಮಾಡಿ ‘ಹೊಟ್ಟೆ ಕೆಟ್ಟಿದೆ ಸಾರ್’ ಎಂದು ಹೇಳಿ. ಸಾಲಗಾರ ಬಾಗಿಲಿಗೆ ಬಂದರೆ ಮಗನನ್ನು ಕಳಿಸಿ ‘ಅಪ್ಪ ಇಲ್ಲ ಅಂಕಲ್’ ಎನ್ನಿಸಿ. ಹುಡುಗ ಮೊದಮೊದಲು ತಡವರಿಸುತ್ತಾನೆ. ಐದನೇ ತರಗತಿಗೆ ಬರುವ ಹೊತ್ತಿಗೆ ಪಳಗಿರುತ್ತಾನೆ.

ಎಚ್ಚರಿಕೆ. ಅಮೆರಿಕದ ಮನೋವೈದ್ಯ ಜಾನ್ ಯೂಯಿಂಗ್ 1984ರಲ್ಲಿ ಪ್ರಕಟಿಸಿದ ನಾಲ್ಕು ಪ್ರಶ್ನೆಗಳಿವೆ. ಕುಡಿತ ಕಡಿಮೆ ಮಾಡಬೇಕೆಂದು ನಿಮಗೇ ಯಾವತ್ತಾದರೂ ಅನಿಸಿದೆಯೇ? ಯಾರಾದರೂ ಅದರ ಬಗ್ಗೆ ಮಾತೆತ್ತಿದರೆ ರೇಗುತ್ತದೆಯೇ? ಕುಡಿದದ್ದಕ್ಕೆ ಮನಸ್ಸಿನಲ್ಲಿ ಚುಚ್ಚಿದೆಯೇ? ಬೆಳಗ್ಗೆ ಎದ್ದ ಕೂಡಲೇ, ಕೈ ನಡುಕ ನಿಲ್ಲಲೆಂದೋ ತಲೆ ನಿಲ್ಲಲೆಂದೋ, ಕುಡಿದದ್ದಿದೆಯೇ? ಎರಡಕ್ಕೆ ಹೌದೆಂದರೆ ವೈದ್ಯರನ್ನು ಕಾಣಬೇಕು ಎಂಬುದು ಲೆಕ್ಕ. ಎಷ್ಟು ಕುಡಿಯುತ್ತೀರಿ ಎಂದು ಇಲ್ಲೆಲ್ಲೂ ಕೇಳಿಲ್ಲ ಎಂಬುದನ್ನು ಗಮನಿಸಿ. ಕೇಳಿದರೆ ಯಾರು ನಿಜ ಹೇಳುತ್ತಾರೆ!

ಎರಡನೆಯ ಹಂತ: ಮನೆಯಲ್ಲೇ ರಿಪೇರಿ

ಹುಡುಗನಿಗೆ ಮದುವೆಯಾಗಿಲ್ಲದಿದ್ದರೆ ಕೂಡಲೇ ಮಾಡಿ. ‘ತಲೆ ಮೇಲೆ ಜವಾಬ್ದಾರಿ ಬಿದ್ದರೆ ತಾನಾಗೇ ಸರಿಹೋಗ್ತಾನೆ’ ಎಂಬುದು ನಮ್ಮ ಅತಿ ಹಳೆಯ ಔಷಧಿ. ಬೇಕಾಗುವ ಬಿಡಿಭಾಗ: ದೂರದ ಊರಿನ, ವಿಷಯ ಗೊತ್ತಿಲ್ಲದ ಒಂದು ಹೆಣ್ಣು. ಮದುವೆಯಿಂದ ಸರಿಹೋಗದಿದ್ದರೆ ಮಗುವಾದ ಮೇಲೆ ಸರಿಹೋಗುತ್ತಾನೆ. ಮಗುವಿನಿಂದಲೂ ಆಗದಿದ್ದರೆ, ಆ ಹೊತ್ತಿಗೆ ದೂರಲು ಸೊಸೆ ಇರುತ್ತಾಳೆ.

ಇನ್ನು ಆಣೆ. ಮಗುವಿನ ತಲೆ ಮುಟ್ಟಿಸಿ ಪ್ರಮಾಣ ಮಾಡಿಸಬಹುದು. ಆಣೆ ತಪ್ಪಿದ ವಾರ ಮಗುವಿಗೆ ಜ್ವರ ಬಂದರೆ ಇಬ್ಬರಿಗೂ ನಿದ್ದೆಯಿಲ್ಲ. ಆ ಸಂಕಟ ತಾಳಲಾರದೆ ಅವರು ಮತ್ತಷ್ಟು ಕುಡಿಯುತ್ತಾರೆ. ಅದಕ್ಕಿಂತ ಅಯ್ಯಪ್ಪನ ಮಾಲೆ ಮೇಲು. ಮಂಡಲದ 41 ದಿನ ಕುಡಿತ ಮುಟ್ಟುವುದಿಲ್ಲ, ತಣ್ಣೀರು ಸ್ನಾನ, ಬೆಳಗ್ಗೆ ಸಂಜೆ ಪೂಜೆ. ಇಡೀ ಮನೆಗೆ ವರ್ಷಕ್ಕೊಮ್ಮೆ ರಜೆ ಸಿಕ್ಕ ಹಾಗೆ. ಶಬರಿಮಲೆಯಿಂದ ಇಳಿದ ಟೆಂಪೊ ಟ್ರಾವೆಲರ್ ಊರು ತಲುಪುವ ಮೊದಲೇ ಎಲ್ಲಾದರೂ ನಿಲ್ಲುತ್ತದೆ, ಏಕೆಂದು ಕೇಳಬೇಡಿ. ನಾನು ಇದನ್ನು ಗೇಲಿಗೆಂದು ಹೇಳುತ್ತಿಲ್ಲ. ಮಾಲೆ ಹಾಕಿದ ಮನುಷ್ಯನಿಗೆ ಸುತ್ತಲಿನವರು ‘ಸ್ವಾಮಿ’ ಎನ್ನುತ್ತಾರೆ, ಅವನಿಗೆ ದಿನಚರಿ ಕೊಡುತ್ತಾರೆ, ಅವನದೇ ವ್ರತದಲ್ಲಿರುವ ಹತ್ತು ಜನರ ಜೊತೆ ಕೂರಿಸುತ್ತಾರೆ. ವ್ಯಸನದ ಚಿಕಿತ್ಸೆಯಲ್ಲಿ ಕೆಲಸ ಮಾಡುವುದರಲ್ಲಿ ಅರ್ಧ ಇಲ್ಲೇ ಇದೆ. ನಲವತ್ತೆರಡನೆಯ ದಿನಕ್ಕೆ ಯಾರೂ ಏನೂ ಯೋಚಿಸಿಲ್ಲ, ಅಷ್ಟೇ.

ಇಳಕಲ್ಲಿನ ಚಿತ್ತರಗಿ ಮಠದ ಮಹಾಂತ ಸ್ವಾಮಿಗಳು ಊರೂರಿಗೆ ಜೋಳಿಗೆ ಹಿಡಿದು ಹೋಗಿ ಕಾಳುಕಡ್ಡಿ ಬೇಡದೆ ‘ನಿಮ್ಮ ಚಟ ಹಾಕಿ’ ಎಂದು ಬೇಡುತ್ತಿದ್ದರು. ಅವರು ಹುಟ್ಟಿದ ಆಗಸ್ಟ್ 1ನ್ನು ಸರಕಾರ ಈಗ ವ್ಯಸನಮುಕ್ತ ದಿನವಾಗಿ ಆಚರಿಸುತ್ತದೆ. ನಾಚಿಕೆಯಿಂದ ಮುಚ್ಚಿಟ್ಟದ್ದನ್ನು ಊರ ಮುಂದೆ ಒಪ್ಪಿಕೊಳ್ಳಲು ಒಂದು ಮರ್ಯಾದೆಯ ದಾರಿ ಮಾಡಿಕೊಟ್ಟದ್ದು ಆ ಜೋಳಿಗೆಯ ಹೆಚ್ಚುಗಾರಿಕೆ. ಮನೆಯಲ್ಲಿ ನಾವು ಹಾಕಿಸುವ ಆಣೆಯಲ್ಲಿ ಆ ಮರ್ಯಾದೆ ಇರುವುದಿಲ್ಲ.

ಕೊನೆಯದಾಗಿ ಪುಡಿ. ಬಸ್ ನಿಲ್ದಾಣದ ಶೌಚಾಲಯದ ಗೋಡೆ, ಆಟೋ ಹಿಂಬದಿ, ವಿದ್ಯುತ್ ಕಂಬಗಳ ಮೇಲೆ ಜಾಹೀರಾತು ಇರುತ್ತದೆ: ಅವರಿಗೆ ತಿಳಿಯದಂತೆ ಕುಡಿತ ಬಿಡಿಸಲಾಗುವುದು. ಪಲ್ಯದಲ್ಲೋ ಮಜ್ಜಿಗೆಯಲ್ಲೋ ಕಲಸಿದರೆ ಆಯಿತು.

ಎಚ್ಚರಿಕೆ. ಇದನ್ನು ದಯವಿಟ್ಟು ಹಾರಿಸಬೇಡಿ. ಅಂಥ ಪೊಟ್ಟಣದಲ್ಲಿ ಏನಿದೆಯೆಂದು ನಿಮಗೆ ತಿಳಿಯುವುದಿಲ್ಲ. ಡಿಸಲ್ಫಿರಾಮ್ ಎಂಬ ಮಾತ್ರೆಯನ್ನೇ ಅರೆದು ಹಾಕುವವರೂ ಇದ್ದಾರೆ. ಆ ಮಾತ್ರೆಯ ಕತೆ ಸ್ವಾರಸ್ಯದ್ದು. ರಬ್ಬರ್ ಕಾರ್ಖಾನೆಯಲ್ಲಿ ಬಳಸುತ್ತಿದ್ದ ಅದೇ ಜಾತಿಯ ರಾಸಾಯನಿಕ ಸೋಕಿದ ಕಾರ್ಮಿಕರಿಗೆ ಕುಡಿತ ಮೈಗೆ ಒಗ್ಗದಂತಾದದ್ದನ್ನು 1930ರ ದಶಕದಲ್ಲಿ ಅಮೆರಿಕದ ವೈದ್ಯರೊಬ್ಬರು ಬರೆದಿಟ್ಟರು. ಮುಂದೆ ಕೋಪನ್‌ಹೇಗನ್ನಿನ ಹಾಲ್ಡ್ ಮತ್ತು ಯಾಕೊಬ್ಸನ್, ಜಂತುಹುಳಕ್ಕೆ ಔಷಧ ಹುಡುಕುತ್ತ ಅದನ್ನು ತಾವೇ ನುಂಗಿ ನೋಡಿ, ಆಮೇಲೆ ಕುಡಿದಾಗ ಮೈ ಕೆಟ್ಟು, ವಿಷಯ ಕಂಡುಕೊಂಡರು. ಅವರ ವರದಿ ಬಂದದ್ದು 1948ರಲ್ಲಿ. ಅದು ಕುಡಿತದ ಆಸೆಯನ್ನು ಕಡಿಮೆ ಮಾಡುವುದಿಲ್ಲ. ಕುಡಿದರೆ ಮುಖ ಕೆಂಪೇರಿ, ಎದೆ ಹೊಡೆದುಕೊಂಡು, ವಾಂತಿಯಾಗಿ, ಬಿಪಿ ಕುಸಿಯುವಂತೆ ಮಾಡುತ್ತದೆ. ನುಂಗಿದವನಿಗೆ ಅದು ಗೊತ್ತಿರಬೇಕು. ಆ ಭಯವೇ ಚಿಕಿತ್ಸೆ. ಗೊತ್ತಿಲ್ಲದವನು ಎಂದಿನಂತೆ ಕ್ವಾರ್ಟರ್ ಏರಿಸುತ್ತಾನೆ, ಜೀವವೇ ಹೋಗಬಹುದು. ಒಳ್ಳೆಯ ಉದ್ದೇಶದಿಂದ ಗಂಡನ ಮಜ್ಜಿಗೆಗೆ ಪುಡಿ ಹಾಕಿದ ಹೆಂಡತಿ ಆಮೇಲೆ ಪೊಲೀಸರಿಗೆ ಏನು ಹೇಳಬೇಕು?

ಮೂರನೆಯ ಹಂತ: ಸ್ವಿಚ್ ಆರಿಸುವುದು

ರೂಢಿಯ ವಿಧಾನ: ಕೋಣೆಗೆ ಹಾಕಿ ಚಿಲಕ ಜಡಿಯಿರಿ. ‘ಇವತ್ತಿನಿಂದ ಒಂದು ತೊಟ್ಟೂ ಇಲ್ಲ’ ಎಂದು ಭಾವನ ಕೈಲಿ ಹೇಳಿಸಿ. ಮೊದಲ ದಿನ ಕೈ ನಡುಗುತ್ತದೆ, ಬೆವರುತ್ತದೆ, ನಿದ್ದೆ ಬರುವುದಿಲ್ಲ. ‘ನಾಟಕ ಆಡ್ತಾನೆ’ ಎನ್ನಿ. ಎರಡನೆಯ ದಿನ ಫಿಟ್ಸ್ ಬರಬಹುದು. ಮೂರನೆಯ ದಿನ ಗೋಡೆಯ ಮೇಲೆ ಇರುವೆ ಹರಿಯುತ್ತಿವೆ ಎನ್ನುತ್ತಾರೆ, ಸತ್ತ ತಂದೆಯ ಜೊತೆ ಮಾತಾಡುತ್ತಾರೆ, ಎದುರಿಗಿದ್ದ ಹೆಂಡತಿಯ ಗುರುತು ಹತ್ತುವುದಿಲ್ಲ. ಈಗ ಮಂತ್ರವಾದಿಯನ್ನು ಕರೆಸಿ, ನಿಂಬೆಹಣ್ಣು ಸಿದ್ಧವಿರಲಿ.

ಎಚ್ಚರಿಕೆ. ವರ್ಷಗಟ್ಟಲೆ ದಿನಾ ಕುಡಿದವರಿಗೆ ಕುಡಿತಕ್ಕಿಂತ ಅದನ್ನು ಏಕಾಏಕಿ ನಿಲ್ಲಿಸುವುದು ಕೆಲವೊಮ್ಮೆ ಹೆಚ್ಚು ಅಪಾಯ. ಮದ್ಯ ಮೆದುಳನ್ನು ಮಂದಗೊಳಿಸುತ್ತದೆ. ಮೆದುಳು ಸುಮ್ಮನಿರುವುದಿಲ್ಲ, ಆ ಮಂದಗತಿಗೆ ಎದುರಾಗಿ ತನ್ನ ಉದ್ರೇಕವನ್ನು ಏರಿಸಿಕೊಂಡು ಸರಿತೂಗಿಸುತ್ತದೆ. ಅದಕ್ಕೇ ಹೊರಗಿನವನನ್ನು ಮಲಗಿಸುವ ಪ್ರಮಾಣ ಕುಡಿದರೂ ಇವರು ಬೈಕ್ ಓಡಿಸಿಕೊಂಡು ಬರುತ್ತಾರೆ. ಒಂದು ದಿನ ಮದ್ಯ ತಟ್ಟನೆ ನಿಂತರೆ ಏರಿದ ಉದ್ರೇಕವೊಂದೇ ಉಳಿಯುತ್ತದೆ. ನಡುಕ, ಫಿಟ್ಸ್, ಭ್ರಮೆ ಎಲ್ಲ ಅದರದೇ ಮೆಟ್ಟಿಲುಗಳು. ಎರಡರಿಂದ ನಾಲ್ಕು ದಿನಗಳೊಳಗೆ ಕಾಣಿಸಿಕೊಳ್ಳುವ ಆ ಕೊನೆಯ ಸ್ಥಿತಿಗೆ ಡೆಲಿರಿಯಂ ಟ್ರೆಮೆನ್ಸ್ ಎನ್ನುತ್ತಾರೆ. ಆಸ್ಪತ್ರೆಗೆ ಸೇರಿಸದಿದ್ದರೆ ಸಾವು ಬರಬಹುದು. ನಿಂಬೆಹಣ್ಣಿಗೆ ಬಗ್ಗುವಂಥದಲ್ಲ. ಲೋರಾಜೆಪಾಮ್, ಕ್ಲೋರ್‌ಡಯಾಜೆಪಾಕ್ಸೈಡ್‌ನಂಥ ಮಾತ್ರೆಗಳನ್ನು ಮೊದಲು ಸಾಕಷ್ಟು ಕೊಟ್ಟು, ಕೆಲವು ದಿನಗಳಲ್ಲಿ ಇಳಿಸುತ್ತ ಹೋದರೆ ಬಹುಪಾಲು ಜನರಲ್ಲಿ ಇದನ್ನು ತಡೆಯಬಹುದು. ಅದು ವೈದ್ಯರ ಕೆಲಸ; ಆ ಮಾತ್ರೆಗಳದ್ದೇ ಒಂದು ಚಟವಿದೆ.

ಇನ್ನೊಂದು ಸೂಕ್ಷ್ಮ. ಊಟ ಬಿಟ್ಟು ಬರೀ ಕುಡಿದವರನ್ನು ಹತ್ತಿರದ ಕ್ಲಿನಿಕ್ಕಿಗೆ ಒಯ್ದು ‘ಒಂದು ಬಾಟ್ಲಿ ಗ್ಲೂಕೋಸ್ ಏರಿಸಿ ಡಾಕ್ಟ್ರೇ’ ಎನ್ನುವುದು ನಮ್ಮ ವಾಡಿಕೆ. ಅಂಥವರ ಮೈಯಲ್ಲಿ ಥಯಾಮಿನ್, ಅಂದರೆ ಬಿ1 ವಿಟಮಿನ್, ಬರಿದಾಗಿರುತ್ತದೆ. ಅದನ್ನು ಕೊಡದೆ ಗ್ಲೂಕೋಸ್ ಮಾತ್ರ ಹರಿಸಿದರೆ ಮೆದುಳಿಗೆ ಪೆಟ್ಟಾಗಿ ನೆನಪಿನ ಶಕ್ತಿ ಶಾಶ್ವತವಾಗಿ ಕೆಡಬಹುದು. ‘ಥಯಾಮಿನ್ ಹಾಕಿದ್ದೀರಾ ಸಾರ್?’ ಎಂದು ಕೇಳಿ. ಡಾಕ್ಟರು ಸಿಡುಕಿದರೂ ಪರವಾಗಿಲ್ಲ.

ನಾಲ್ಕನೆಯ ಹಂತ: ಸರ್ವಿಸ್ ಸೆಂಟರ್ ಹುಡುಕುವುದು

ಒಂದು ರಾತ್ರಿ ಟೀವಿ ಒಡೆಯುತ್ತದೆ. ಅಥವಾ ಕೈ ಎತ್ತುತ್ತಾರೆ. ಆಗ ಮನೆಯವರು ಸಭೆ ಸೇರುತ್ತಾರೆ, ಮೈಸೂರಿನ ಚಿಕ್ಕಪ್ಪ ಸ್ಪೀಕರ್ ಫೋನಿನಲ್ಲಿರುತ್ತಾರೆ. ‘ಎಲ್ಲಾದರೂ ಸೇರಿಸಿಬಿಡ್ರೋ’ ಎಂದು ನಿರ್ಣಯವಾಗುತ್ತದೆ. ಮೊಬೈಲಿನಲ್ಲಿ ಹುಡುಕಿದರೆ ಮೇಲೆ ಬರುವುದು ಹಣ ಕೊಟ್ಟವರ ಹೆಸರು. ಕರೆ ಮಾಡಿದ ಎರಡನೆಯ ನಿಮಿಷಕ್ಕೆ ಮಧುರ ದನಿಯೊಂದು ‘ಮೂರು ತಿಂಗಳ ಪ್ಯಾಕೇಜ್ ಮೇಡಂ, ನೂರಕ್ಕೆ ನೂರು ಗ್ಯಾರಂಟಿ, ಪಿಕಪ್ ಫ್ರೀ’ ಎನ್ನುತ್ತದೆ. ಈ ಪಿಕಪ್ ಎನ್ನುವುದು ನಮ್ಮ ಕೈಪಿಡಿಯ ಅತ್ಯಂತ ಜನಪ್ರಿಯ ಸವಲತ್ತು. ನಡುರಾತ್ರಿ ವ್ಯಾನು ಬರುತ್ತದೆ, ನಾಲ್ವರು ಇಳಿಯುತ್ತಾರೆ, ಮಲಗಿದ್ದವರನ್ನು ಎತ್ತಿ ಒಯ್ಯುತ್ತಾರೆ. ನೀವು ಮಕ್ಕಳನ್ನು ಒಳಗೆ ಕಳಿಸಿ ಬಾಗಿಲು ಹಾಕಿಕೊಂಡರೆ ಸಾಕು. ಮೊದಲ ತಿಂಗಳು ಫೋನ್ ಇಲ್ಲ, ಭೇಟಿ ಇಲ್ಲ; ಮನೆಯಲ್ಲಿ ಎಂಥ ನಿರಾಳ!

ಆ ನಿರಾಳಕ್ಕೆ ಬೆಲೆ ಇದೆ. ಹಾಗೆ ಹೋದ ಮನುಷ್ಯ ಅಲ್ಲಿ ಕಲಿಯುವುದು ಒಂದೇ ಪಾಠ: ಮನೆಯವರನ್ನು ನಂಬಬಾರದು. ಮೂರು ತಿಂಗಳು ಎಣಿಸಿ, ಹೇಳಿದ್ದಕ್ಕೆಲ್ಲ ತಲೆಯಾಡಿಸಿ, ಹೊರಗೆ ಬಂದ ಸಂಜೆಯೇ ಬಾರಿಗೆ ಹೋಗುತ್ತಾನೆ. ಕೇಂದ್ರದವರು ‘ಇವರ ವಿಲ್‌ಪವರ್ ಕಮ್ಮಿ, ಇನ್ನೊಂದು ಪ್ಯಾಕೇಜ್ ಹಾಕಿಸಿ’ ಎನ್ನುತ್ತಾರೆ. ಬೇರೆ ಯಾವ ಕಾಯಿಲೆಯ ಆಸ್ಪತ್ರೆಯೂ ತನ್ನ ಚಿಕಿತ್ಸೆ ಫಲಿಸದಿದ್ದಾಗ ರೋಗಿಯ ಗುಣವನ್ನು ಇಷ್ಟು ಧೈರ್ಯವಾಗಿ ದೂರುವುದನ್ನು ನಾನು ಕಂಡಿಲ್ಲ.

ಎಚ್ಚರಿಕೆ, ಈ ಸಲ ಸ್ವಲ್ಪ ಉದ್ದ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಮದ್ಯ, ಮಾದಕ ವಸ್ತುಗಳಿಂದಾದ ಮಾನಸಿಕ ಸ್ಥಿತಿಗಳನ್ನೂ ಕಾಯಿಲೆಯೆಂದೇ ಎಣಿಸುತ್ತದೆ. ಹಾಗಾಗಿ ಇಂಥವರನ್ನು ಇಟ್ಟುಕೊಂಡು ಚಿಕಿತ್ಸೆ ಕೊಡುವ ಕೇಂದ್ರ ಮಾನಸಿಕ ಆರೋಗ್ಯ ಪ್ರಾಧಿಕಾರದಲ್ಲಿ ನೋಂದಣಿ ಮಾಡಿಸಿರಬೇಕು. ಆ ಪ್ರಮಾಣಪತ್ರ ತೋರಿಸಿ ಎಂದು ಕೇಳುವುದು ನಿಮ್ಮ ಮೊದಲ ಕೆಲಸ. ‘ನಮ್ಮದು ಟ್ರಸ್ಟು ಸಾರ್’ ಎಂಬುದು ಉತ್ತರವಲ್ಲ. ಒಪ್ಪಿಗೆಯಿಲ್ಲದೆ ಒಬ್ಬರನ್ನು ದಾಖಲು ಮಾಡಿಕೊಳ್ಳಲು 89ನೆಯ ಸೆಕ್ಷನ್ನಿನಲ್ಲಿ ದಾರಿಯಿದೆ, ಆದರೆ ಅದು ಕಿರಿದು. ತನಗೋ ಪರರಿಗೋ ಅಪಾಯ ತರುವ ಸ್ಥಿತಿ ಇರಬೇಕು, ಒಬ್ಬ ಮನೋವೈದ್ಯ ಸೇರಿ ಇಬ್ಬರು ಪ್ರತ್ಯೇಕವಾಗಿ ಪರೀಕ್ಷಿಸಿ ಬರೆದುಕೊಡಬೇಕು, ಮೊದಲಿಗೆ 30 ದಿನ ಮೀರುವಂತಿಲ್ಲ. ವ್ಯಾನಿನಲ್ಲಿ ಬಂದ ನಾಲ್ವರಲ್ಲಿ ಮನೋವೈದ್ಯರು ಯಾರೆಂದು ಕೇಳಿ ನೋಡಿ. ಸರಪಳಿ ಹಾಕುವಂತಿಲ್ಲ, ಬಲವಂತವಾಗಿ ತಲೆ ಬೋಳಿಸುವಂತಿಲ್ಲ, ಕೂಲಿ ಕೊಡದೆ ದುಡಿಸುವಂತಿಲ್ಲ. ಫೋನಿನಲ್ಲಿ ಮಾತಾಡುವ, ಬಂದವರನ್ನು ಕಾಣುವ ಹಕ್ಕು ರೋಗಿಗಿದೆ. ಆರೋಗ್ಯ ವಿಮೆಯಲ್ಲೂ ಮಾನಸಿಕ ಕಾಯಿಲೆಗೆ ಬೇರೆ ಕಾಯಿಲೆಗಳಂತೆಯೇ ಅವಕಾಶ ಕೊಡಬೇಕೆಂದು ಅದೇ ಕಾಯ್ದೆ ಹೇಳುತ್ತದೆ.

ಹಾಗಾದರೆ ಎಲ್ಲಿಗೆ ಹೋಗಬೇಕು? ಹೆಚ್ಚಿನ ಮನೆಯವರು ದೂರದ ದೊಡ್ಡ ಕಟ್ಟಡವನ್ನೇ ಮೊದಲು ನೆನೆಯುತ್ತಾರೆ. ನನ್ನ ಅಭಿಪ್ರಾಯ ಕೇಳಿದರೆ ಹತ್ತಿರದ್ದೇ ಒಳ್ಳೆಯದು, ಏಕೆಂದರೆ ಇಲ್ಲಿ ಒಂದು ಸಲ ಹೋಗಿ ಮುಗಿಯುವುದಿಲ್ಲ, ವರ್ಷಗಟ್ಟಲೆ ಹೋಗಿಬರಬೇಕು. ಎಲ್ಲರನ್ನೂ ದಾಖಲು ಮಾಡಬೇಕಾಗಿಯೂ ಇಲ್ಲ. ಹೊರರೋಗಿಯಾಗಿಯೇ ಬಿಟ್ಟವರು ಬೇಕಾದಷ್ಟು ಜನ. ಜಿಲ್ಲಾಸ್ಪತ್ರೆಯಲ್ಲಿ ಮನೋವೈದ್ಯರಿರುತ್ತಾರೆ. ಮನೋಚೈತನ್ಯ ಎಂಬ ಕಾರ್ಯಕ್ರಮದಡಿ ತಾಲೂಕು ಆಸ್ಪತ್ರೆಗಳಿಗೆ ಮಂಗಳವಾರಗಳಂದು ಮನೋವೈದ್ಯರು ಬರುವ ವ್ಯವಸ್ಥೆ ನಮ್ಮ ರಾಜ್ಯದಲ್ಲಿದೆ. ನಿಮ್ಮ ತಾಲೂಕಿಗೆ ಯಾವ ಮಂಗಳವಾರ ಎಂದು ಆಶಾ ಕಾರ್ಯಕರ್ತೆಯನ್ನು ಕೇಳಿ. ಜಟಿಲವಾದರೆ ಧಾರವಾಡದ ಡಿಮ್ಹಾನ್ಸ್, ಬೆಂಗಳೂರಿನ ನಿಮ್ಹಾನ್ಸ್ ಇವೆ. ನಿಮ್ಹಾನ್ಸ್‌ನಲ್ಲಿ ವ್ಯಸನಕ್ಕೆಂದೇ ಪ್ರತ್ಯೇಕ ಕೇಂದ್ರವಿದೆ. ಗಾಂಜಾ, ಮಾತ್ರೆ ಎಂದು ಹುಡುಗ ಸಿಕ್ಕಿಬಿದ್ದಿದ್ದರೆ ಪೊಲೀಸ್ ಭಯಕ್ಕೆ ಮುಚ್ಚಿಡಬೇಡಿ. 1985ರ ಎನ್‌ಡಿಪಿಎಸ್ ಕಾಯ್ದೆಯ 64ಎ ಸೆಕ್ಷನ್, ಸೇವನೆ ಅಥವಾ ಅಲ್ಪ ಪ್ರಮಾಣದ ಆರೋಪವಿದ್ದು ತಾನಾಗಿ ಚಿಕಿತ್ಸೆಗೆ ಒಪ್ಪಿದವನಿಗೆ ರಕ್ಷಣೆ ಕೊಡುತ್ತದೆ.

ಶಿಬಿರಗಳ ಬಗ್ಗೆ ಕೇಳುವವರು ಬಹಳ. ಧರ್ಮಸ್ಥಳದ ಗ್ರಾಮಾಭಿವೃದ್ಧಿ ಯೋಜನೆ ಮತ್ತು ಜನಜಾಗೃತಿ ವೇದಿಕೆಯವರು ಊರಿನ ಕಲ್ಯಾಣ ಮಂಟಪದಲ್ಲೋ ಸಭಾಭವನದಲ್ಲೋ ಎಂಟು ದಿನದ ಮದ್ಯವರ್ಜನ ಶಿಬಿರ ನಡೆಸುತ್ತಾರೆ. ಊಟ, ಭಜನೆ, ಯೋಗ, ಸಲಹೆ. ಕೊನೆಯ ದಿನ ಹೆಂಡತಿ ಮಕ್ಕಳನ್ನು ಕರೆಸುತ್ತಾರೆ. ಪೇಟೆಯ ಮಂದಿ ಮೂಗು ಮುರಿಯುವುದುಂಟು. ನಾನು ಮುರಿಯುವುದಿಲ್ಲ, ಅದಕ್ಕೆ ಕಾರಣ ಎಂಟು ದಿನವಲ್ಲ. ಶಿಬಿರ ಮುಗಿಸಿದವರನ್ನು ಆಮೇಲೂ ಸೇರಿಸುತ್ತಿರುವ ನವಜೀವನ ಸಮಿತಿಗಳು ಊರಲ್ಲೇ ಇರುತ್ತವೆ. ಅಯ್ಯಪ್ಪನ ಮಾಲೆಗೆ ಇಲ್ಲದ ನಲವತ್ತೆರಡನೆಯ ದಿನ ಇಲ್ಲಿದೆ. ಆದರೂ ಬೆಳಗ್ಗೆಯೇ ಕುಡಿಯುವವರು, ಹಿಂದೆ ಫಿಟ್ಸ್ ಬಂದವರು, ಲಿವರ್ ಕೆಟ್ಟವರು ಶಿಬಿರಕ್ಕೆ ಮುಂಚೆ ವೈದ್ಯರಿಗೆ ತೋರಿಸಬೇಕು. ಭಜನೆ ಫಿಟ್ಸನ್ನು ನಿಲ್ಲಿಸುವುದಿಲ್ಲ.

ಐದನೆಯ ಹಂತ: ವಾಪಸ್ ಬಂದ ಮೇಲೆ

ರಿಪೇರಿಯಾಗಿ ಬಂದದ್ದನ್ನು ಹೊಸದರಂತೆ ಬಳಸಿ. ಮೊದಲ ದಿನದಿಂದಲೇ ಬಾಯಿ ಮೂಸಿ ನೋಡಿ. ಹತ್ತು ನಿಮಿಷ ತಡವಾದರೆ ಫೋನ್ ಮಾಡಿ, ಎತ್ತದಿದ್ದರೆ ಅವರ ಗೆಳೆಯನಿಗೆ ಮಾಡಿ. ಕೂಡಿಟ್ಟ ಹದಿನೈದು ವರ್ಷದ ಸಿಟ್ಟನ್ನು, ಈಗ ಕೇಳಿಸಿಕೊಳ್ಳುವ ಸ್ಥಿತಿಯಲ್ಲಿದ್ದಾರಲ್ಲ, ಒಂದೇ ವಾರದಲ್ಲಿ ತೀರಿಸಿಬಿಡಿ. ಇದರಲ್ಲಿ ಹೆಂಡತಿಯದೇನೂ ತಪ್ಪಿಲ್ಲ. ಅವಳ ಸಿಟ್ಟಿಗೆ ಕಾರಣಗಳಿವೆ, ಅವಳಿಗೆ ಮಾತ್ರ ಯಾರೂ ಚಿಕಿತ್ಸೆ ಕೊಟ್ಟಿಲ್ಲ. ನಿಜವಾದ ಪರೀಕ್ಷೆ ಬರುವುದು ನೆಂಟರ ಮದುವೆಯಲ್ಲಿ. ಬೀಗರ ಊಟದ ದಿನ ಚೌಟ್ರಿಯ ಹಿಂದಿನ ಕಾರಿನ ಡಿಕ್ಕಿ ತೆರೆದಿರುತ್ತದೆ. ಅಂದು ಮನೆಯವರ ಸಭೆಯಲ್ಲಿ ‘ಎಲ್ಲಾದರೂ ಸೇರಿಸಿಬಿಡ್ರೋ’ ಎಂದಿದ್ದ ಚಿಕ್ಕಪ್ಪ ಈಗ ಪ್ಲಾಸ್ಟಿಕ್ ಲೋಟ ಚಾಚಿ, ‘ಒಂದೇ ಒಂದು ಕಣೋ, ಏನಾಗಲ್ಲ, ನಾನಿದ್ದೀನಲ್ಲ’ ಎನ್ನುತ್ತಾರೆ. ನಮ್ಮಲ್ಲಿ ಕುಡಿಯಬೇಡ ಎನ್ನುವವರೂ ಕುಡಿ ಎನ್ನುವವರೂ ಬಹುಶಃ ಒಂದೇ ಜನ.

ಎಚ್ಚರಿಕೆ. ಬಿಟ್ಟವರಲ್ಲಿ ಅನೇಕರು ಮತ್ತೆ ಮುಟ್ಟುತ್ತಾರೆ. ಸಕ್ಕರೆ ಕಾಯಿಲೆಯವರ ಶುಗರ್ ಏರಿದರೆ ನಾವು ಡಾಕ್ಟರ ಬಳಿ ಓಡುತ್ತೇವೆ. ಇವರು ಒಂದು ರಾತ್ರಿ ಕುಡಿದು ಬಂದರೆ ‘ಅಷ್ಟು ದುಡ್ಡು ನೀರಲ್ಲಿ ಹೋಯ್ತು’ ಎನ್ನುತ್ತೇವೆ. ಆ ರಾತ್ರಿ ಕಳೆದ ಬೆಳಗ್ಗೆಯೇ ಮತ್ತೆ ವೈದ್ಯರನ್ನು ಕಂಡರೆ ಜಾರಿದ್ದು ಅಲ್ಲಿಗೇ ನಿಲ್ಲಬಹುದು. ಆಸೆ ತಗ್ಗಿಸಲು ನಾಲ್‌ಟ್ರೆಕ್ಸೋನ್, ಅಕಾಂಪ್ರೊಸೇಟ್‌ನಂಥ ಮಾತ್ರೆಗಳಿವೆ, ಲಿವರ್ ಮತ್ತು ಕಿಡ್ನಿಯ ಪರೀಕ್ಷೆ ನೋಡಿ ಬರೆಯುತ್ತಾರೆ. ಊರಲ್ಲಿ ಆಲ್ಕೊಹಾಲಿಕ್ಸ್ ಅನಾನಿಮಸ್ ಗುಂಪು ಇದ್ದರೆ ವಾರಕ್ಕೊಮ್ಮೆ ಹೋಗಿ ಕೂರಲಿ. 1935ರಲ್ಲಿ ಅಮೆರಿಕದ ಒಹಾಯೊದಲ್ಲಿ ಒಬ್ಬ ಷೇರು ವ್ಯಾಪಾರಿ, ಒಬ್ಬ ಶಸ್ತ್ರವೈದ್ಯ, ಇಬ್ಬರೂ ಕುಡಿತದಿಂದ ಕಂಗೆಟ್ಟವರು, ಒಬ್ಬರಿಗೊಬ್ಬರು ಹೇಳಿಕೊಂಡು ಬದುಕಿದ್ದರಿಂದ ಹುಟ್ಟಿದ ಗುಂಪದು. ಶುಲ್ಕವಿಲ್ಲ, ರಿಜಿಸ್ಟರಿನಲ್ಲಿ ಹೆಸರಿಲ್ಲ. ಬಿಡಬೇಕೆಂಬ ಆಸೆಯಿದ್ದರೆ ಸಾಕು. ಮನೆಯವರಿಗೆಂದು ಅಲ್-ಅನಾನ್ ಎಂಬ ಬೇರೆಯೇ ಕೂಟವಿದೆ. ಅದಕ್ಕೆ ಹೋಗಲು ಗಂಡ ಕುಡಿತ ಬಿಡುವವರೆಗೆ ಕಾಯಬೇಕಿಲ್ಲ.

ಖಾತರಿ ಮತ್ತು ಗ್ರಾಹಕ ಸೇವೆ

ಖಾತರಿ ಇಲ್ಲ. ಕೊಡುತ್ತೇವೆ ಎನ್ನುವವರಿಂದ ದೂರವಿರಿ.

ಆಗಲೇ ಹೇಳಿದ 2019ರ ಸಮೀಕ್ಷೆಯಲ್ಲಿ ಇನ್ನೊಂದು ಅಂಕಿಯಿದೆ: ಮದ್ಯಕ್ಕೆ ದಾಸರಾದ 38 ಜನರಲ್ಲಿ ಒಬ್ಬರಿಗೆ ಮಾತ್ರ ಯಾವುದಾದರೊಂದು ಚಿಕಿತ್ಸೆ ಸಿಕ್ಕಿದೆ. ಉಳಿದ 37 ಮನೆಗಳು ಈ ಕೈಪಿಡಿಯ ಮೊದಲೆರಡು ಹಂತಗಳಲ್ಲೇ ಇವೆ ಎಂದಿಟ್ಟುಕೊಳ್ಳೋಣ. ಅವರಿಗಾಗಿ: ಟೆಲಿ ಮಾನಸ್, 14416. ಹಗಲು ರಾತ್ರಿ ಕನ್ನಡದಲ್ಲೇ ಮಾತಾಡಬಹುದು, ಹಣವಿಲ್ಲ. ವ್ಯಸನಕ್ಕೆಂದೇ ಕೇಂದ್ರ ಸರಕಾರದ ಇನ್ನೊಂದು ಸಂಖ್ಯೆ 14446. ಸರಕಾರದ ಅನುದಾನದಲ್ಲಿ ನಡೆಯುವ ಕೇಂದ್ರ ನಿಮ್ಮ ಜಿಲ್ಲೆಯಲ್ಲಿ ಎಲ್ಲಿದೆ ಎಂದು ಅಲ್ಲಿ ಕೇಳಬಹುದು. ಫೋನ್ ಮಾಡುವವರು ಕುಡಿಯುವವರೇ ಆಗಿರಬೇಕೆಂಬ ನಿಯಮವಿಲ್ಲ. ಅವರು ಬರಲೊಪ್ಪದಿದ್ದರೂ ನೀವೊಬ್ಬರೇ ಹೋಗಿ ವೈದ್ಯರನ್ನು ಕಂಡು, ಹೇಗೆ ಮಾತಾಡಬೇಕು, ಯಾವಾಗ ಸುಮ್ಮನಿರಬೇಕು, ಆಫೀಸಿಗೆ ಸುಳ್ಳು ಹೇಳುವುದನ್ನು ಯಾವತ್ತಿನಿಂದ ನಿಲ್ಲಿಸಬೇಕು ಎಂದು ಕೇಳಿಕೊಂಡು ಬರಬಹುದು. ಕೈ ಎತ್ತುವವರಾದರೆ ಮಹಿಳಾ ಸಹಾಯವಾಣಿ 181 ಬೇರೆ ಇದೆ. ಅದಕ್ಕೆ ಅವರು ಕುಡಿತ ಬಿಡುವವರೆಗೂ ಕಾಯಬೇಡಿ.

ಮೊದಲ ಭೇಟಿಗೆ ಒಯ್ಯಬೇಕಾದದ್ದು: ಆಧಾರ್, ಬಿಪಿಎಲ್ ಕಾರ್ಡ್ ಇದ್ದರೆ ಅದು, ಹಳೆಯ ಚೀಟಿ ಮತ್ತು ರಕ್ತಪರೀಕ್ಷೆಯ ಕಾಗದಗಳು, ಈಗ ನುಂಗುತ್ತಿರುವ ಬಿಪಿ, ಶುಗರ್ ಮಾತ್ರೆಗಳ ಸ್ಟ್ರಿಪ್, ಜೊತೆಗಿರಲು ಮನೆಯವರೊಬ್ಬರು. ಹಿಂದಿನ ಒಂದು ವಾರ ಎಷ್ಟೆಷ್ಟು ಕುಡಿದರು, ಕೊನೆಯ ಸಲ ಎಷ್ಟು ಗಂಟೆಗೆ ಎಂಬುದನ್ನು ಒಂದು ಚೀಟಿಯಲ್ಲಿ ಬರೆದುಕೊಂಡು ಹೋಗಿ. ‘ದಿನಕ್ಕೆ ಎಷ್ಟು ತಗೋತೀರಿ?’ ಎಂದು ವೈದ್ಯರು ಕೇಳುತ್ತಾರೆ. ‘ಒಂದು ನೈಂಟಿ ಸಾರ್’ ಎನ್ನುತ್ತಾರೆ ಅವರು. ಆಗ ನೀವು ಆ ಚೀಟಿಯನ್ನು ಮೇಜಿನ ಮೇಲಿಡಿ.